ಸ್ಪಷ್ಟನೆ: ಮಾರಾಟವಾದದ್ದು ಏರ್ ಇನ್ಯೂಟ್ ಅಲ್ಲ

'ಕೆನಡಾದ ಇನ್ಯೂಟ್ ಜನರ ವಿಮಾನ ಸಂಸ್ಥೆ ಏರ್ ಇನ್ಯೂಟ್ ದಕ್ಷಿಣದ ಕಂಪನಿಯ ಪಾಲಾಗಿದೆ, ಮೂಲನಿವಾಸಿಗಳ ಕೈಯಲ್ಲಿ ಇನ್ನೇನೂ ಉಳಿದಿಲ್ಲ' ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

2025ರಲ್ಲಿ ಕೈಬದಲಾದದ್ದು ಕೆನೇಡಿಯನ್ ನಾರ್ತ್ ಎಂಬ ಇನ್ನೊಂದು ವಿಮಾನ ಸಂಸ್ಥೆ. ಅದನ್ನು ದಕ್ಷಿಣದ ವಿನಿಪೆಗ್ ನಗರದ ಎಕ್ಸ್‌ಚೇಂಜ್ ಇನ್‌ಕಮ್ ಕಾರ್ಪೊರೇಷನ್ ಎಂಬ ಕಂಪನಿ ಕೊಂಡಿತು. ಕೆನೇಡಿಯನ್ ನಾರ್ತ್ ಕೂಡ ಮೊದಲು ಇನ್ಯೂಟ್ ಒಡೆತನದ್ದೇ. ಗೊಂದಲ ಹುಟ್ಟಿದ್ದು ಅಲ್ಲೇ ಇರಬೇಕು. ಅದರ ಮಾಲೀಕರಲ್ಲಿ ಒಂದಾಗಿದ್ದ ಮಕಿವಿಕ್ ಸಂಸ್ಥೆಯೇ ಏರ್ ಇನ್ಯೂಟ್‌ನ ಒಡೆಯ. ಆದರೆ ಈ ಮಾರಾಟದಲ್ಲಿ ಏರ್ ಇನ್ಯೂಟ್ ಸೇರಿರಲಿಲ್ಲ.

ಏರ್ ಇನ್ಯೂಟ್ ಸರ್ಕಾರಿ ಕಂಪನಿ ಎಂದು ಕೆಲವರು ಸೇರಿಸುತ್ತಿರುವುದೂ ಸರಿಯಲ್ಲ. ಇನ್ಯೂಟ್ ಮತ್ತು ಕ್ರೀ ಮೂಲನಿವಾಸಿಗಳು ತಮ್ಮ ಭೂಮಿಯ ಹಕ್ಕಿನ ಕುರಿತು ಸರ್ಕಾರಗಳೊಂದಿಗೆ ಮಾಡಿಕೊಂಡ 1975ರ ಜೇಮ್ಸ್ ಬೇ ಒಪ್ಪಂದದಿಂದ ಬಂದ ಪರಿಹಾರದ ಹಣವನ್ನು ನೋಡಿಕೊಳ್ಳಲು ಹುಟ್ಟಿದ ಮಕಿವಿಕ್, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗವಾದ ನುನವಿಕ್‌ನ ಇನ್ಯೂಟರದ್ದು. ಏರ್ ಇನ್ಯೂಟ್ ಶುರುವಾದದ್ದು 1978ರಲ್ಲಿ.

ಒಡೆತನದ ಪ್ರಶ್ನೆ ಅಲ್ಲಿ ಯಾಕಿಷ್ಟು ಮುಖ್ಯ ಎಂಬುದು ನಮಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ನುನವಿಕ್‌ನ 14 ಹಳ್ಳಿಗಳಿಗೆ ದಕ್ಷಿಣದಿಂದ ರಸ್ತೆಯೇ ಇಲ್ಲ, ಒಂದು ಹಳ್ಳಿಯಿಂದ ಇನ್ನೊಂದಕ್ಕೂ ಇಲ್ಲ. ಸರಕಿನ ಹಡಗು ಬರುವುದು ಮಂಜುಗಡ್ಡೆ ಕರಗಿದ ತಿಂಗಳುಗಳಲ್ಲಿ ಮಾತ್ರ. ಉಳಿದಂತೆ ತಾಜಾ ತರಕಾರಿ, ಔಷಧ, ಟಪಾಲು ಎಲ್ಲಕ್ಕೂ ವಿಮಾನವೇ ಗತಿ. ಜಲ್ಲಿ ಹಾಸಿದ ರನ್‌ವೇಗೆ ಇಳಿಯುವ ಡ್ಯಾಶ್-8 ವಿಮಾನದೊಳಗೆ ಒಂದು ಅಡ್ಡಗೋಡೆ; ಒಂದು ಕಡೆ ಸರಕು, ಇನ್ನೊಂದು ಕಡೆ ಪ್ರಯಾಣಿಕರು. ಮಾಂಟ್ರಿಯಲ್ ಆಸ್ಪತ್ರೆಗೆ ಹೊರಟ ರೋಗಿಯೂ ಇಂಥ ವಿಮಾನವನ್ನೇ ಹತ್ತಬೇಕು. ಅಂಥ ಸೇವೆ ಕೈತಪ್ಪಿತು ಎಂದು ಬರೆಯುವವರು ಹೆಸರನ್ನಾದರೂ ಸರಿಯಾಗಿ ನೋಡಬೇಕಿತ್ತು. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಈ ತಿದ್ದುಪಡಿಯನ್ನೂ ಕಳಿಸಿ.