ದಿನದ ಟಿಪ್ಪಣಿ ನಮ್ಮ ಜಿಲ್ಲೆಗೆ ಬೇಕೇ?

ಉತ್ತರ ಕನ್ನಡದ ರಾಜಕೀಯ, ಆಡಳಿತ, ಮಾಧ್ಯಮಗಳ ಬಗ್ಗೆ ಯಾರ ಹಂಗೂ ಇಲ್ಲದೆ ಬರೆಯುವವರು ದಿನಾ ಬರೆಯಬೇಕೇ, ಕಡತ ಕೈಗೆ ಬಂದಾಗ ಬರೆದರೆ ಸಾಕೇ?

ಪರ: ಒಂದು ದಿನವೂ ಬಿಡಬಾರದು

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ಹೊಳೆಗೆ ಇಳಿಯಿತು. ಆಮೇಲೆ ಕ್ಯಾಮೆರಾಗಳೆಲ್ಲ ಆ ಕುಸಿತದಲ್ಲಿ ಕಾಣೆಯಾದ ಕೇರಳದ ಚಾಲಕನ ಲಾರಿಯತ್ತ ತಿರುಗಿದವು. ಅದು ತಪ್ಪೇನಲ್ಲ. ಮಲಯಾಳಂ ವಾಹಿನಿಗಳು ಪಟ್ಟು ಹಿಡಿಯದಿದ್ದರೆ ಗೋವಾದಿಂದ ಹೂಳೆತ್ತುವ ಡ್ರೆಜರ್ ಬಂದು, ಸೆಪ್ಟೆಂಬರ್ 25ಕ್ಕೆ ಲಾರಿ ಸಿಗುತ್ತಿತ್ತೆಂದು ನನಗಂತೂ ಅನಿಸುವುದಿಲ್ಲ. ಆದರೆ ಹೊಳೆಯಾಚೆಯ ಉಳುವರೆಯಲ್ಲಿ, ಗುಡ್ಡ ಬಿದ್ದ ರಭಸಕ್ಕೆ ಉಕ್ಕಿದ ನೀರು ಮನೆಗಳನ್ನು ಕೆಡವಿತ್ತು. ಪಂಚನಾಮೆ ಆಯಿತೇ, ಪರಿಹಾರ ಯಾರ ಖಾತೆಗೆ ಬಂತು, ಪಹಣಿಯಲ್ಲಿ ಹೆಸರಿಲ್ಲದವರ ಗತಿಯೇನು ಎಂದು ಬೆನ್ನು ಹತ್ತಿ ಕೇಳುವುದು ಕೊಚ್ಚಿಯವರ ಕೆಲಸವಲ್ಲ, ನಮ್ಮದು.

ಹೊರಗಿನವರಿಗೆ ನಮ್ಮ ಭೂಗೋಳವೇ ಗೋಜಲು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತ ಶಿರೂರು ಬೇರೆ, ಅದು ಉಡುಪಿ ಜಿಲ್ಲೆಯ ಬೈಂದೂರಿನದು. ಎರಡೂ ಹೆದ್ದಾರಿ 66ರ ಮೇಲೆ, ಎರಡೂ ಜುಲೈಯಲ್ಲಿ. ಚುನಾವಣೆ ಬಂದರೆ ಬೆಂಗಳೂರಿನ ಸ್ಟುಡಿಯೋದಲ್ಲಿ ಕರಾವಳಿಯ ಲೆಕ್ಕವಷ್ಟೇ ನಡೆಯುತ್ತದೆ. ನಮ್ಮ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಖಾನಾಪುರ, ಕಿತ್ತೂರು ಬೆಳಗಾವಿ ಜಿಲ್ಲೆಯವು ಎಂಬುದು ಎಣಿಕೆಯ ದಿನ ನೆನಪಾಗುತ್ತದೆ.

ಆ ಆಂಬುಲೆನ್ಸ್ ಅಪಘಾತದ ಬಳಿಕ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಜಿಲ್ಲೆಯಿಡೀ ಎದ್ದಿತು. ಇಂಥ ಬೇಡಿಕೆ ಘೋಷಣೆ, ಜಾಗ, ಆರ್ಥಿಕ ಇಲಾಖೆಯ ಒಪ್ಪಿಗೆ, ಸಂಪುಟ, ಟೆಂಡರ್ ಎಂಬ ಮೆಟ್ಟಿಲು ಹತ್ತಬೇಕು. ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ನಾಲ್ಕು ಸಾಲು ದಿನಾ ಬರುತ್ತಿದ್ದರೆ, ಒಂದೇ ಜಾಗಕ್ಕೆ ಎರಡೆರಡು ಸಲ ಘೋಷಣೆ ಮಾಡಲು ಯಾರಿಗಾದರೂ ಮುಜುಗರವಾದೀತು.

ದಿನದ ಬರಹಕ್ಕೆ ದಿನದ ಶಿಸ್ತು ಬೇಕು, ಅಷ್ಟೇ. ಹವಾಮಾನ ಇಲಾಖೆಯ ಮಳೆ ಅಂಕಿ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆವರೆಗಿನದು. ಅದನ್ನು ಮಧ್ಯರಾತ್ರಿಯಿಂದ ಎಣಿಸಿದರೆ ಬರೆದದ್ದೆಲ್ಲ ತಪ್ಪು. ಕದ್ರಾ ಜಲಾಶಯದ ಪೂರ್ಣ ಮಟ್ಟ 34.50 ಮೀಟರ್. ಇಂದಿನ ಮಟ್ಟದ ಜತೆ ಒಳಹರಿವು, ಹೊರಬಿಟ್ಟ ಕ್ಯೂಸೆಕ್ ಎರಡನ್ನೂ ಕೊಡದೆ 'ಆತಂಕ' ಎಂದು ಬರೆಯಬಾರದು. ನಾವು ಸುಮ್ಮನಿದ್ದ ದಿನ ವಾಟ್ಸ್ಆ್ಯಪ್ ಸುಮ್ಮನಿರುವುದಿಲ್ಲ.

ವಿರೋಧ: ದಿನಾ ಬರೆದರೆ ಪ್ರತಿಕ್ರಿಯೆ, ಕಾದು ಬರೆದರೆ ವಿಷಯ

ವಾಟ್ಸ್ಆ್ಯಪ್ ಜತೆ ಓಟಕ್ಕೆ ನಿಂತರೆ ಗೆಲ್ಲುವುದು ಅದೇ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಶೆಟ್ಟಿಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಅದು ಕೊಲೆ ಎಂಬ ಆರೋಪ ಎದ್ದು, ಕೆಲವೇ ದಿನಗಳಲ್ಲಿ ಕುಮಟಾ, ಶಿರಸಿ ಹೊತ್ತಿಕೊಂಡವು. ಮುಂದಿನ ಮೇಯಲ್ಲಿ ಚುನಾವಣೆಯೂ ಆಗಿಹೋಯಿತು. ಅದು ನೀರಿನಲ್ಲಿ ಮುಳುಗಿ ಆದ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರ ಅಕ್ಟೋಬರ್‌ನಲ್ಲಿ. ಆ ಡಿಸೆಂಬರ್‌ನಲ್ಲಿ ದಿನಕ್ಕೊಂದು ಅಭಿಪ್ರಾಯ ಬರೆಯುವವನ ಕೈಯಲ್ಲಿ ಏನಿತ್ತು? ಎರಡೂ ಕಡೆಯ ಹೇಳಿಕೆ, ಅಷ್ಟೇ.

ಶಿರೂರಿನದೂ ಇದೇ ಪಾಡು. 'ಚತುಷ್ಪಥಕ್ಕಾಗಿ ಗುಡ್ಡ ಕಡಿದದ್ದೇ ಕಾರಣ' ಎಂದು ಮೊದಲ ದಿನವೇ ಬರೆದದ್ದಾಯಿತು. ನಿಜವೇ ಇರಬಹುದು, ನನಗೂ ಹಾಗೇ ಅನಿಸುತ್ತದೆ. ಆದರೆ ಎಷ್ಟು ಕೋನಕ್ಕೆ ಕಡಿದರು, ನಡುವೆ ಮೆಟ್ಟಿಲು ಬಿಟ್ಟರೇ, ಮೇಲಿನ ನೀರು ಇಳಿಯಲು ಚರಂಡಿ ಇತ್ತೇ ಎಂಬ ಮೂರು ಉತ್ತರವಿಲ್ಲದೆ ಗುತ್ತಿಗೆದಾರನ ಮೇಲೆ ಆರೋಪ ನಿಲ್ಲುವುದಿಲ್ಲ. ಅವನ ವಕೀಲ 'ಮಳೆ ಜಾಸ್ತಿ' ಅಂದರೆ ಮುಗಿಯಿತು.

ಹಂಗಿಲ್ಲದ ಬರಹ ಅಂದಿರಿ. ತಾಲೂಕು ಮಟ್ಟದ ಪತ್ರಿಕೆಯ ಆದಾಯದಲ್ಲಿ ಮುಖಂಡರ ಹುಟ್ಟುಹಬ್ಬದ ಜಾಹೀರಾತಿಗೆ, ಸಹಕಾರಿ ಸಂಘಗಳ ಶುಭಾಶಯಕ್ಕೆ ದೊಡ್ಡ ಪಾಲು. ದಿನಾ ಬರೆಯುವವನಿಗೆ ಅದೇ ಮುಖಂಡನ ಫೋನು ಸಂಜೆಯೊಳಗೆ ಬರುತ್ತದೆ, ಮರುದಿನದ ಟಿಪ್ಪಣಿ ತಂತಾನೇ ಮೆತ್ತಗಾಗುತ್ತದೆ. ತಿಂಗಳಿಗೊಮ್ಮೆ ದಾಖಲೆ ಮುಂದಿಟ್ಟು ಬರೆದವನನ್ನು ಹೀಗೆ ಬಗ್ಗಿಸುವುದು ಸುಲಭವಲ್ಲ.

ದಾಖಲೆಗೆ ಸಮಯ ಹಿಡಿಯುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕಾರವಾರದ ಕೋಡಿಬಾಗ, ಸದಾಶಿವಗಡ ನಡುವಿನ ಹಳೆ ಕಾಳಿ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಮಾಹಿತಿ ಹಕ್ಕಿನಲ್ಲಿ ಕೇಳಲು ಹೊರಡುವವರು ಸಾಮಾನ್ಯವಾಗಿ ಎಡವುವುದು ವಿಳಾಸದಲ್ಲಿ. ಆ ಸೇತುವೆ ಇದ್ದ ಹೆದ್ದಾರಿ 66 ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು. ಲೋಕೋಪಯೋಗಿ ಇಲಾಖೆಗೆ ಕೊಟ್ಟರೆ ಅವರು ಐದು ದಿನದೊಳಗೆ ವರ್ಗಾಯಿಸಬೇಕು. ವರ್ಗಾಯಿಸದೆ ಕೂತರೆ ಅಷ್ಟು ದಿನ ವ್ಯರ್ಥ. ಕೇಂದ್ರದ ಅರ್ಜಿಗೆ 500 ಪದ ಮಿತಿ, ರಾಜ್ಯದ್ದಕ್ಕೆ 150 ಪದ, ಅದೂ ಒಂದೇ ವಿಷಯ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೆ 30ರಿಂದ 45 ದಿನ. 'ಸೇತುವೆ ಏಕೆ ಬಿತ್ತು' ಎಂದು ಕೇಳಿದರೆ ಅಭಿಪ್ರಾಯ ಕೊಡಲಾಗದು ಎಂಬ ಹಿಂಬರಹ ಖಂಡಿತ. ಕೊನೆಯ ತಪಾಸಣೆ ವರದಿಯ ಪ್ರತಿ, ಅದರ ದಿನಾಂಕ, ಸಹಿ ಹಾಕಿದ ಅಧಿಕಾರಿಯ ಹುದ್ದೆ, ವರದಿ ಸೂಚಿಸಿದ ದುರಸ್ತಿಗೆ ಹೊರಡಿಸಿದ ಆದೇಶದ ಪ್ರತಿ: ಇಷ್ಟನ್ನೇ ಕೇಳಬೇಕು.