ಎಫ್‌ವನ್ ಒತ್ತಿದರೆ ಬರೋರ್ಯಾರು?

ನನ್ನ ಸೋದರಮಾವ ಸಕಲೇಶಪುರದ ಕಡೆಯವರು. ಕಾಲು ಶತಮಾನದಿಂದ, ಮದುವೆಯಲ್ಲಿ ಸಿಗಲಿ ತಿಥಿಯಲ್ಲಿ ಸಿಗಲಿ, ಅವರದು ಒಂದೇ ಪ್ರಶ್ನೆ: “ಈಗ ಯಾವ ಎಸ್ಟೇಟಲ್ಲಿದ್ದೀಯೋ?”

ತಪ್ಪು ನನ್ನದೇ. 1998ರಲ್ಲಿ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಖುಷಿಗೆ “ಟೆಕ್ನಿಕಲ್ ರೈಟರ್ ಆದೆ ಮಾವ” ಅಂದುಬಿಟ್ಟಿದ್ದೆ. ನಮ್ಮ ಕಡೆ ರೈಟರ್ ಅಂದರೆ ಇಬ್ಬರೇ. ಒಬ್ಬರು ಪೊಲೀಸ್ ಠಾಣೆಯಲ್ಲಿ ಕೂತು ದೂರು ಬರೆದುಕೊಳ್ಳುವವರು, ಇನ್ನೊಬ್ಬರು ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆದು ಬಟವಾಡೆ ಮಾಡುವವರು. ನನ್ನ ಮೈಕಟ್ಟು ನೋಡಿ ಮಾವ ಪೊಲೀಸನ್ನು ಕೈಬಿಟ್ಟರು.

ನಾನು ಬರೆಯುವುದು ಸಹಾಯ. ಸಾಫ್ಟ್‌ವೇರಿನಲ್ಲಿ ಎಫ್‌ವನ್ ಒತ್ತಿದರೆ, ಅಥವಾ ಮೂಲೆಯ ಪ್ರಶ್ನಾರ್ಥಕ ಚಿಹ್ನೆ ಮುಟ್ಟಿದರೆ ಒಂದು ಪುಟ ತೆರೆದುಕೊಳ್ಳುತ್ತದಲ್ಲ, ನೀವು ತಕ್ಷಣ ಮುಚ್ಚುತ್ತೀರಲ್ಲ, ಅದು. ನನ್ನ ಕೈಯಿಂದ ಹೊರಬಿದ್ದ ಮೊದಲ ವಾಕ್ಯ ಇನ್ನೂ ನೆನಪಿದೆ: “ಕಡತವನ್ನು ಉಳಿಸಲು ‘ಉಳಿಸಿ’ ಗುಂಡಿಯನ್ನು ಒತ್ತಿ.” ಹಸಿದವರು ಉಣ್ಣತಕ್ಕದ್ದು ಅನ್ನುವಷ್ಟೇ ತಿಳಿವಳಿಕೆ ಇದರಲ್ಲಿದೆ, ಒಪ್ಪುತ್ತೇನೆ. ಆದರೆ ಈ ವಾಕ್ಯದಷ್ಟು ವರ್ಗಾವಣೆ ಕಂಡ ತಹಶೀಲ್ದಾರರು ಹಾಸನ ಜಿಲ್ಲೆಯಲ್ಲಿ ಇರಲಾರರು.

ಅದು ಹುಟ್ಟಿದ್ದು ವಿನ್‌ಹೆಲ್ಪ್‌ನಲ್ಲಿ. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ, ಸಹಾಯದ ಪುಟ ತೋರಿಸುವ ಏರ್ಪಾಡು. ವರ್ಡ್‌ನಲ್ಲಿ ಬರೆಯಬೇಕು, ಪುಟಪುಟಕ್ಕೂ ಅಡಿಟಿಪ್ಪಣಿ ಹಾಕಬೇಕು. ಹ್ಯಾಷ್ ಗುರುತಿನದು ಪುಟದ ಗುಟ್ಟಿನ ಹೆಸರು, ಡಾಲರ್ ಗುರುತಿನದು ಶೀರ್ಷಿಕೆ, ಕೆ ಅಕ್ಷರದ್ದು ಹುಡುಕುವ ಪದ. ಕೊಂಡಿ ಬೇಕಾದರೆ ಪದದ ಕೆಳಗೆ ಜೋಡಿಗೆರೆ ಎಳೆದು, ಬಾಲಕ್ಕೆ ಕಣ್ಣಿಗೆ ಕಾಣದ ಅಕ್ಷರದಲ್ಲಿ ವಿಳಾಸ ಬರೆಯಬೇಕು. ತಾಯಿತ ಕಟ್ಟುವವರೂ ಇಷ್ಟು ನೇಮ ಮಾಡುವುದಿಲ್ಲ. ಈ ಕಷ್ಟ ನೀಗಿಸಲು ರೋಬೋಹೆಲ್ಪ್ ಎಂಬ ಉಪಕರಣ ಇತ್ತು. ಅದರ ಪಹಣಿ ತೆಗೆಸಿದರೆ ಒಂಬತ್ತನೇ ಕಾಲಂನಲ್ಲಿ ಬ್ಲೂ ಸ್ಕೈ, ಅದೇ ಹೆಸರು ಬದಲಿಸಿಕೊಂಡು ಇಹೆಲ್ಪ್, 2003ರಲ್ಲಿ ಮ್ಯಾಕ್ರೋಮೀಡಿಯಾ, 2005ರಲ್ಲಿ ಅಡೋಬಿ. ಇಹೆಲ್ಪ್‌ನಿಂದ ಹೊರಬಂದ ಕೆಲವರು ಮ್ಯಾಡ್‌ಕ್ಯಾಪ್ ಕಟ್ಟಿ ಫ್ಲೇರ್ ಎಂಬ ಬೇರೆ ಉಪಕರಣ ತಂದರು. ಅಣ್ಣತಮ್ಮಂದಿರು ಪಾಲಾದ ಮೇಲೆ ಎರಡು ಮನೆಗೂ ಹೊಂದಿಕೊಂಡು ಬದುಕಬೇಕಾದ ಅತ್ತೆಯ ಹಾಗೆ ನನ್ನ ವಾಕ್ಯ ಅಲ್ಲಿ ಆರು ತಿಂಗಳು, ಇಲ್ಲಿ ಆರು ತಿಂಗಳು.

ಅಷ್ಟರಲ್ಲಿ ವಿಂಡೋಸ್‌ನ ಹೊಸ ಆವೃತ್ತಿ ವಿಸ್ಟಾ ಬಂತು. ಅದರಲ್ಲಿ ವಿನ್‌ಹೆಲ್ಪ್ ಓದುವ ಪ್ರೋಗ್ರಾಮನ್ನೇ ಸೇರಿಸಲಿಲ್ಲ. ಹಳೆಯ ಸಾಫ್ಟ್‌ವೇರಿನಲ್ಲಿ ಎಫ್‌ವನ್ ಒತ್ತಿದರೆ, ಈ ಸಹಾಯ ಹಳೆ ನಮೂನೆಯದು, ಇಲ್ಲಿ ತೆರೆಯುವುದಿಲ್ಲ ಎಂಬ ಸಹಾಯ ಬರುತ್ತಿತ್ತು. ಸಿಎಚ್‌ಎಂ ಎಂಬ 1997ರ ನಮೂನೆ ಇತ್ತಲ್ಲ ಅನ್ನುತ್ತೀರಿ. 2005ರ ಒಂದು ಭದ್ರತಾ ಅಪ್‌ಡೇಟ್ ಆದಮೇಲೆ ಅದನ್ನು ಆಫೀಸಿನ ನೆಟ್‌ವರ್ಕಿನಲ್ಲಿಟ್ಟು ತೆರೆದರೆ ಎಡಗಡೆ ಪರಿವಿಡಿ ಪೂರ್ತಿ, ಬಲಗಡೆ ಪುಟ ಖಾಲಿ. ಲಗ್ನಪತ್ರಿಕೆ ಬಂದಿದೆ, ಛತ್ರಕ್ಕೆ ಬೀಗ.

ಇಲ್ಲೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನವಿದೆ. ಐದನೇ ಶತಮಾನದ್ದೆಂದು ಎಣಿಸುವ ಹದಿನಾರು ಸಾಲು. ಯಾರಿಗೆ ಏನು ಕೊಟ್ಟದ್ದು ಎಂದು ಹೇಳಿ, ಕದ್ದವನು ಮಹಾಪಾತಕಿ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಫಾರ್ಮ್ಯಾಟ್: ಕಲ್ಲು. ಅದನ್ನು ಓದಲು ಲಿಪಿ ಬಲ್ಲ ವಿದ್ವಾಂಸರು ಈಗಲೂ ಸಿಗುತ್ತಾರೆ. ನನ್ನ 1998ರ ಫೈಲನ್ನು ಓದಬಲ್ಲ ಕಂಪ್ಯೂಟರು ಬೇಕೆಂದರೆ ಗುಜರಿ ಅಂಗಡಿಗೇ ಹೋಗಬೇಕು.

ಇನ್ನು ಡಿಟಾ, ಸಹಾಯವನ್ನು ತುಂಡುತುಂಡಾಗಿ ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದಿಡುವ ಪದ್ಧತಿ. ಐಬಿಎಂನಲ್ಲಿ ಹುಟ್ಟಿ, 2005ರಲ್ಲಿ ಓಯಸಿಸ್ ಸಂಸ್ಥೆಯಿಂದ ಮಾನಕವೆಂಬ ಮುದ್ರೆ ಒತ್ತಿಸಿಕೊಂಡದ್ದು. ಹೆಸರಿನ ಮೊದಲ ಅಕ್ಷರ ಡಾರ್ವಿನ್ನನದು. ವಿಕಾಸವಾದವಂತೆ; ಬಾಲ ಉದುರಿತೋ ಗೊತ್ತಿಲ್ಲ, ನನ್ನ ತಲೆಗೂದಲಂತೂ ಉದುರಿತು. ಡಿಟಾ ಪ್ರಕಾರ ಲೋಕದ ಜ್ಞಾನವೆಲ್ಲ ಮುಖ್ಯವಾಗಿ ಮೂರು ಗುಡ್ಡೆ: ಪರಿಕಲ್ಪನೆ, ಕೆಲಸ, ಉಲ್ಲೇಖ. ಸೊಪ್ಪಿನ ಸಾರಿನ ಬಗ್ಗೆ ಬರೆಯುವುದಾದರೆ ಸಾರು ಎಂದರೇನು ಅನ್ನುವುದು ಒಂದು ಫೈಲು, ಸಾರು ಮಾಡುವುದು ಇನ್ನೊಂದು, ಬೇಳೆ ಉಪ್ಪು ಹುಣಸೆಯ ಅಳತೆ ಮತ್ತೊಂದು. ಮೂರನ್ನೂ ಹೆಣೆಯಲು ನಕ್ಷೆ ಎಂಬ ನಾಲ್ಕನೆಯದು.

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಡಿಟಾದ ನಿಜವಾದ ಮಹಿಮೆ ಮರುಬಳಕೆ. ಒಗ್ಗರಣೆ ಎಲ್ಲಕ್ಕೂ ಒಂದೇ ತಾನೆ? ಒಂದು ಕಡೆ ಬರೆದಿಡಿ. ಸಾರು, ಪಲ್ಯ, ಪುಳಿಯೋಗರೆ ಎಲ್ಲವೂ ಅಲ್ಲಿಂದಲೇ ಎಳೆದುಕೊಳ್ಳಲಿ. ಬಹಳ ಚೆನ್ನಾಗಿದೆ. ಒಂದು ಮಧ್ಯಾಹ್ನ ಸಾರಿನ ತಂಡದ ಹುಡುಗ ರುಚಿಗಿರಲಿ ಎಂದು ಒಗ್ಗರಣೆ ಫೈಲಿಗೆ ನಾಲ್ಕು ಎಸಳು ಬೆಳ್ಳುಳ್ಳಿ ಹಾಕುತ್ತಾನೆ. ಬೆಳಗಾಗುವಷ್ಟರಲ್ಲಿ ದೇವಸ್ಥಾನದ ಪ್ರಸಾದಕ್ಕೂ ಬೆಳ್ಳುಳ್ಳಿ ಬಿದ್ದಿರುತ್ತದೆ. ಅರ್ಚಕರ ದೂರು ಬರುತ್ತದೆ. ಅದಕ್ಕೂ ಪರಿಹಾರವಿದೆ: ಒಗ್ಗರಣೆಗೆ ಷರತ್ತು ಹಾಕುವುದು. ಓದುವವರು ಅರ್ಚಕರಾದರೆ ಬೆಳ್ಳುಳ್ಳಿ ಕಾಣಬಾರದು, ಮಧುಮೇಹಿಯಾದರೆ ಬೆಲ್ಲ ಕಾಣಬಾರದು, ಎಣ್ಣೆಯಂತೂ ಪ್ರೀಮಿಯಂ ಗ್ರಾಹಕರಿಗೆ ಮಾತ್ರ. ಷರತ್ತು ಹೆಚ್ಚಿ ಹೆಚ್ಚಿ ಒಂದು ದಿನ ಯಾರಿಗೂ ಒಗ್ಗರಣೆಯೇ ಕಾಣುವುದಿಲ್ಲ. ಆಗ ಹೊಸ ಉಪಕರಣ ಕೊಳ್ಳುವ ಸಭೆ ಕರೆಯುತ್ತಾರೆ. ಸಭೆಯಲ್ಲಿ ಬೋಂಡ ಇರುತ್ತದೆ. ಅದಕ್ಕೆ ಒಗ್ಗರಣೆ ಬೇಕಿಲ್ಲ.

ಇದೆಲ್ಲ ಓದುವವರು ಯಾರು ಅಂದಿರಾ? ನಮ್ಮೂರ ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ. ಹೋದ ವರ್ಷ ಹಚ್ಚಿದ ದೀಪ ಆರಿರುವುದಿಲ್ಲ, ಮುಡಿಸಿದ ಹೂ ಬಾಡಿರುವುದಿಲ್ಲ ಅನ್ನುವುದು ಭಕ್ತರ ನಂಬಿಕೆ. ಹೆಲ್ಪ್ ಪುಟಗಳ ಮಟ್ಟಿಗೆ ಇದು ನಾನು ಕಣ್ಣಾರೆ ಕಂಡದ್ದು. ವರ್ಷಕ್ಕೊಮ್ಮೆ, ಆಡಿಟ್‌ಗೆ ಮುಂಚೆ, ನಾವೂ ಬಾಗಿಲು ತೆಗೆಯುತ್ತೇವೆ. ಹೋದ ವರ್ಷದ ಸ್ಕ್ರೀನ್‌ಶಾಟ್ ಇಟ್ಟಲ್ಲೇ ನಳನಳಿಸುತ್ತಿರುತ್ತದೆ. ಅದರಲ್ಲಿ ಕಾಣುವ ಗುಂಡಿ ಮಾತ್ರ ಸಾಫ್ಟ್‌ವೇರಿನಲ್ಲಿ ಇರುವುದಿಲ್ಲ. ವ್ಯತ್ಯಾಸವೆಂದರೆ ಅಮ್ಮನ ದರ್ಶನಕ್ಕೆ ಮಾರುದ್ದದ ಸಾಲು, ಪಾಸಿಗಾಗಿ ಗಲಾಟೆ. ನಮ್ಮಲ್ಲಿ ವರ್ಷಪೂರ್ತಿ ಧರ್ಮದರ್ಶನ, ನರಪಿಳ್ಳೆಯಿಲ್ಲ. ಪುಟದ ಕೊನೆಗೆ “ಇದು ಉಪಯುಕ್ತವಾಯಿತೇ?” ಎಂದು ಹೆಬ್ಬೆರಳಿನ ಚಿತ್ರ ಇಟ್ಟಿದ್ದೇವೆ. ಹೋದ ವರ್ಷ ಅದನ್ನು ಒತ್ತಿದವರು ಇಬ್ಬರು. ನಾನು, ನನ್ನ ಹೆಂಡತಿ. ಅವಳು ಒತ್ತಿದ್ದು ಕೆಳಮುಖದ ಹೆಬ್ಬೆರಳು.

ನಡುವೆ ಡಾಕ್ಸ್ ಆ್ಯಸ್ ಕೋಡ್, ಅಂದರೆ ಕೋಡ್ ಬರೆದ ಹಾಗೇ ಸಹಾಯವನ್ನೂ ಬರೆಯುವುದು, ಅಂತಲೂ ಒಂದು ಬಂತು. ಎಕ್ಸ್‌ಎಂಎಲ್ಲೆಲ್ಲ ಹೊರೆ, 2004ರಲ್ಲೇ ಹುಟ್ಟಿದ ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಬರಹ ಸಾಕು, ಬರೆದು ಎಂಜಿನಿಯರುಗಳು ಕೋಡ್ ಇಡುವ ಗಿಟ್‌ನಲ್ಲಿಡಿ ಅಂದರು. ಹಿಂದೆ ಹ್ಯಾಷ್ ಗುರುತು ಹಾಕಿ ಅಡಿಟಿಪ್ಪಣಿ ಬರೆಯುತ್ತಿದ್ದವನು ಈಗ ಹ್ಯಾಷ್ ಗುರುತು ಹಾಕಿ ಶೀರ್ಷಿಕೆ ಬರೆಯುತ್ತೇನೆ. ಇಷ್ಟು ವರ್ಷದ ಪ್ರಗತಿಯಲ್ಲಿ ಆ ಹ್ಯಾಷ್ ಪುಟದ ಕಾಲಿನಿಂದ ತಲೆಗೆ ಏರಿದೆ. ಒಂದು ಅಲ್ಪವಿರಾಮ ತಿದ್ದಬೇಕಾದರೆ ಇಬ್ಬರು ಎಂಜಿನಿಯರುಗಳ ಒಪ್ಪಿಗೆ ಬೇಕು. ನೀವೂ ಎಂಜಿನಿಯರರ ಹಾಗೆ ಯೋಚಿಸಿ ಅಂದರು. ಸಂಬಳದ ವಿಷಯದಲ್ಲಿ ಯೋಚಿಸಿ ನೋಡಿದೆ. ಅಲ್ಲಿ ಬೇಡ ಅಂದರು.

ಈಗ ಎಐ ಕಾಲ. ಕೊನೆಗೂ ನನಗೊಬ್ಬ ಓದುಗ ದೊರಕಿದ್ದಾನೆ, ಯಂತ್ರ. 2024ರಲ್ಲಿ ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಎಂಬ ಸಲಹೆ ಬಂತು: ವೆಬ್‌ಸೈಟಿನ ಹೊಸ್ತಿಲಲ್ಲೇ ಯಂತ್ರಗಳ ಓದಿಗೆಂದು ಸರಳವಾದ ಒಂದು ಫೈಲು ಇಡಬೇಕು. ನಮ್ಮಲ್ಲೂ ಸುತ್ತೋಲೆ ಬಂತು. ಬಳಸುಮಾತು ಬೇಡ, ನೇರವಾಗಿ, ಚುಟುಕಾಗಿ ಬರೆಯಿರಿ, ಪಾಪ, ಯಂತ್ರಕ್ಕೆ ಗೊಂದಲವಾದೀತು. ಮನುಷ್ಯರಿಗೋಸ್ಕರ ನಾನು ಇದನ್ನೇ ಕೇಳಿದಾಗ ಬಜೆಟ್ ಇರಲಿಲ್ಲ. ಇರಲಿ, ಓದಿದನಲ್ಲ. ಓದಿ ಏನು ಮಾಡಿದ? ಗಿರಾಕಿಯೊಬ್ಬರು ಕೇಳಿದ್ದಕ್ಕೆ ಚಾಟ್‌ಬಾಟ್ ಬಹಳ ವಿನಯದಿಂದ, “ಖಂಡಿತ! ಕಡತವನ್ನು ಉಳಿಸಲು ‘ಉಳಿಸಿ’ ಗುಂಡಿಯನ್ನು ಒತ್ತಿ” ಅಂದಿದೆ. ನಮ್ಮ ಸಾಫ್ಟ್‌ವೇರಿನಲ್ಲಿ ಈಗ ಎಲ್ಲವೂ ತಾನಾಗಿಯೇ ಉಳಿಯುತ್ತದೆ. ಆ ಗುಂಡಿ ಕಿತ್ತು ಮೂರು ವರ್ಷವಾಯಿತು.

ಮೊನ್ನೆ ಅಪ್ಪನ ಹೆಸರಿನ ಜಮೀನಿಗೆ ಸಂಬಂಧಿಸಿ ಆನ್‌ಲೈನಿನಲ್ಲಿ ಒಂದು ಅರ್ಜಿ ಹಾಕಬೇಕಿತ್ತು. ಫೋಟೋ ತೆಗೆದುಕೊಳ್ಳಲೊಲ್ಲದು. ‘ಸಹಾಯ’ ಒತ್ತಿದೆ. ಅರವತ್ತು ಚಿಲ್ಲರೆ ಪುಟದ ಪಿಡಿಎಫ್, ಸ್ಕ್ಯಾನ್ ಮಾಡಿದ್ದು, ಅದೂ ಅಡ್ಡಡ್ಡ. ಕತ್ತು ವಾಲಿಸಿಕೊಂಡು ಓದುತ್ತ ಹೋದೆ. ಹನ್ನೊಂದನೇ ಪುಟದಲ್ಲಿತ್ತು: “ಅರ್ಜಿ ಸಲ್ಲಿಸಲು ‘ಸಲ್ಲಿಸಿ’ ಗುಂಡಿಯನ್ನು ಒತ್ತಿ.” ಯಾರೋ ನಮ್ಮ ಕುಲದವರೇ ಬರೆದದ್ದು. ಕಣ್ಣು ತುಂಬಿ ಬಂತು.

ಕೊನೆಗೆ ಎಲ್ಲರೂ ಹೋಗುವಲ್ಲಿಗೇ ಹೋದೆ. ತಾಲ್ಲೂಕು ಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿ. “ಇಲ್ಲಿ ಎಲ್ಲಾ ರೀತಿಯ ಆನ್‌ಲೈನ್ ಅರ್ಜಿ ಹಾಕಲಾಗುವುದು” ಎಂಬ ಬೋರ್ಡು, ಅದರಡಿ ಹಾಸನಾಂಬೆಯ ನೆನಪು ತರಿಸುವ ಸಾಲು. ಒಳಗೆ ಕೂತ ಹುಡುಗಿಯ ಪಕ್ಕ ಗೋಡೆಗೆ ಒಂದು ರಟ್ಟು ಅಂಟಿಸಿದೆ. ಅದರ ಮೇಲೆ ಹೀಗೆ:

“ಫೋಟೋ 50 ಕೆಬಿ ಒಳಗೆ, ಹೆಸರಲ್ಲಿ ಸ್ಪೇಸ್ ಬೇಡ. ಇನಿಷಿಯಲ್ ಆಧಾರಲ್ಲಿ ಹೆಂಗಿದೆಯೋ ಹಂಗೆ. ಓಟಿಪಿ ಬರದಿದ್ರೆ ಟೀ ಕುಡಿದು ಬಂದು ಮತ್ತೆ ಒತ್ತಿ. ಹಣ ಕಟ್ಟೋ ಹತ್ರ ಚಕ್ರ ತಿರುಗ್ತಿದ್ರೆ ಮುಟ್ಟಬೇಡಿ, ಎರಡು ಸಲ ಕಟ್ ಆಗುತ್ತೆ. 12ರ ಮೇಲೆ ಸರ್ವರ್ ಮಲಗುತ್ತೆ.”

ಪರಿಕಲ್ಪನೆಯಿಲ್ಲ, ನಕ್ಷೆಯಿಲ್ಲ, ಮರುಬಳಕೆಯಿಲ್ಲ. ಒಂದೊಂದು ಸಾಲೂ ಯಾರೋ ಒಬ್ಬರ ದುಡ್ಡು ಹೋದಮೇಲೆ ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಕಸುಬಿನ ಕುತೂಹಲ ತಡೆಯಲಾಗಲಿಲ್ಲ.

“ಇದನ್ನ ಯಾವುದರಲ್ಲಿ ಬರೀತೀಯಮ್ಮ?”

“ನೀಲಿ ಪೆನ್ನಲ್ಲಿ ಸಾರ್. ಅವರು ವೆಬ್‌ಸೈಟ್ ಚೇಂಜ್ ಮಾಡಿದ್ರೆ ಹೊಡೆದಾಕಿ ಕೆಂಪು ಪೆನ್ನಲ್ಲಿ ಬರೀತೀನಿ. ಐವತ್ತು ರೂಪಾಯಿ ಆಯ್ತು ಸಾರ್.”

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಕಂಪನಿಯಿಂದ ಪತ್ರ. ಮುಂದಿನ ತಿಂಗಳಿಂದ ಹೊಸ ಉಪಕರಣವಂತೆ. ಬರೆಯುವುದೂ ಎಐ, ಪರಿಶೀಲಿಸುವುದೂ ಎಐ, ಓದುವುದೂ ಎಐ. ಹಳೆಯ ಪುಟಗಳನ್ನೆಲ್ಲ ಅದಕ್ಕೆ ಸಾಗಿಸುವ ಕೆಲಸ ಮಾತ್ರ ನನ್ನದು. ಮೊದಲ ಪುಟ ತೆರೆದೆ. “ಕಡತವನ್ನು ಉಳಿಸಲು...”

ಅಷ್ಟು ಹೊತ್ತಿಗೆ ಮಾವನ ಫೋನು. “ಲೇ, ಹಾನುಬಾಳು ಹತ್ರ ಒಂದು ತೋಟ್ದಲ್ಲಿ ರೈಟರ್ ಕೆಲ್ಸ ಖಾಲಿ ಐತಂತೆ. ಲೈನ್ ಮನೆ ಕೊಡ್ತಾರೆ. ಹಾಜರಿ ಪುಸ್ತಕ ಒಂದು ನೋಡ್ಕಂಡ್ರಾಯ್ತು. ಹೇಳ್ಲಾ?”

“ಹಾಜರಿ ಪುಸ್ತಕ ಯಾವ ಫಾರ್ಮ್ಯಾಟಲ್ಲಿದೆ ಮಾವ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಪುಸ್ತಕ ಪುಸ್ತಕ್ದಲ್ಲೇ ಇರ್ತದೆ ಕಣೋ. ಇನ್ನೇನ್ರಲ್ಲಿರ್ತದೆ?”