ನೊರೆ ಬಂದರೆ ಬೇಡ

ಮಗಳ ಹಟಕ್ಕೆ ಎರಡು ಅಡಿ ಉದ್ದ, ಒಂದು ಅಡಿ ಅಗಲದ ಗಾಜಿನ ತೊಟ್ಟಿಯೊಂದು ಶಿವಮೊಗ್ಗದ ನಮ್ಮ ಮನೆಗೆ ಬಂದಾಯಿತು. ಆದರೆ ಅದರ ತಳಕ್ಕೆ ಏನು ಹಾಸಬೇಕೆಂಬುದು ತೀರ್ಮಾನವಾಗದ ಕಾರಣ ಗೋಲ್ಡ್‌ಫಿಷ್‌ಗಳು ಇನ್ನೂ ಬಚ್ಚಲಿನ ಬಕೆಟ್‌ನಲ್ಲಿವೆ, ನಾವು ಚೊಂಬು ಹಿಡಿದು ಹಂಡೆಯ ಮುಂದೆ ಸ್ನಾನಕ್ಕೆ ಕೂರುತ್ತಿದ್ದೇವೆ.

ಅಂಗಡಿಯವರಿಗೆ ಇದೊಂದು ಸಮಸ್ಯೆಯೇ ಅಲ್ಲ. ನೀಲಿ, ಗುಲಾಬಿ ಕಲ್ಲುಗಳು ಬಣ್ಣ ಬಿಡುವುದಿಲ್ಲವೇ ಎಂದು ಕೇಳಿದರೆ, "ಮೀನಿಗೆ ಏನೂ ಆಗಲ್ಲ ಸಾರ್" ಎಂದರು. ಎರಡಂಗುಲ ದಪ್ಪ ಹಾಸಲು ಎಷ್ಟು ಬೇಕೆಂದಾಗ ಮಾತ್ರ ಮುತುವರ್ಜಿಯಿಂದ ಲೆಕ್ಕ ಹಾಕಿ 13 ಕಿಲೋ ಬಿಳಿ ಕಲ್ಲು ತೂಗಿದರು. ಪಕ್ಕದ ಮನೆಯವರು ಕಟ್ಟಡದಲ್ಲಿ ಉಳಿದ ಎಂ-ಸ್ಯಾಂಡ್ ಕೊಡಲು ಮುಂದಾದರು. ಗೋಲ್ಡ್‌ಫಿಷ್ ತಳದಲ್ಲಿರುವುದನ್ನೆಲ್ಲ ಬಾಯಿಗೆ ತುಂಬಿಕೊಂಡು, ಬೇಕಾದದ್ದನ್ನು ನುಂಗಿ ಉಳಿದದ್ದನ್ನು ಉಗುಳುವ ಜೀವಿ. ಕ್ರಷರ್‌ನಿಂದ ಬಂದ ಚೂಪು ಪುಡಿಯನ್ನು ಅದಕ್ಕೆ ಬಡಿಸಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಸಾಗರದಿಂದ ಭಾವ ಬಂದರು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಅವರ ನಿವೃತ್ತಿ ಪಾಠಕ್ಕಷ್ಟೇ, ಪ್ರಯೋಗಕ್ಕಲ್ಲ. ಅಡುಗೆಮನೆಯಿಂದ ವಿನೆಗರ್ ತರಿಸಿ, ಮಗಳ ಔಷಧಿಯ ಡ್ರಾಪರ್‌ನಿಂದ ಬಿಳಿ ಕಲ್ಲಿನ ಮೇಲೆ ಎರಡು ಹನಿ ಬಿಟ್ಟರು. ಸೊಯ್ಯೆಂದು ನೊರೆ ಎದ್ದಿತು. ಇದು ಸುಣ್ಣದಂಶದ ಕಲ್ಲು, ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ, ಪಿಹೆಚ್ ಏರಿಸುತ್ತದೆ ಎಂದು ವಿವರಿಸಿ, "ಗಂಗಾ ಸ್ನಾನ, ತುಂಗಾ ಪಾನ ಅಂತಾರೆ. ಇಂಥ ನೀರಿಗೆ ಸುಣ್ಣ ಕಲಸ್ತೀರಲ್ಲ ಭಾವ!" ಎಂದು ಮರುಗಿದರು. ಗೋಲ್ಡ್‌ಫಿಷ್ ಗಡಸು ನೀರನ್ನೂ ತಕ್ಕಮಟ್ಟಿಗೆ ತಾಳುತ್ತದೆ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಅಂಗಳದಲ್ಲಿದ್ದರು.

ಅಲ್ಲಿಂದ ಮುಂದೆ ಮನೆಯ ಯಾವ ಕಲ್ಲಿಗೂ ವಿನಾಯಿತಿ ದೊರೆಯಲಿಲ್ಲ. ಜಲ್ಲಿ ಪಾಸಾಯಿತು, ಜಂಬಿಟ್ಟಿಗೆ ಪಾಸಾಯಿತು, ತೊಟ್ಟಿಗೆ ಇಳಿಯುವ ಯಾವ ಸಾಧ್ಯತೆಯೂ ಇಲ್ಲದ ಒರಳುಕಲ್ಲು ಸಹ ಪಾಸಾಯಿತು. ಮುರುಡೇಶ್ವರದಿಂದ ಮಗಳು ಆರಿಸಿ ತಂದ ಚಿಪ್ಪುಗಳು ಫೇಲಾದವು. ಕೊನೆಗೆ ತುಳಸಿಕಟ್ಟೆಯ ಅಮೃತಶಿಲೆಯ ಮೇಲೂ ಎರಡು ಹನಿ ಬಿದ್ದವು. ನೊರೆ ಎದ್ದು ಆರಿದ ಜಾಗದಲ್ಲಿ ಹೊಳಪು ಹೋಗಿ, ಉಜ್ಜಿದರೂ ಮಾಯದ ಮಂಕು ಕಲೆ ಉಳಿಯಿತು. "ನೋಡಿದಿರಾ, ಅಪ್ಪಟ ಕ್ಯಾಲ್ಸಿಯಂ ಕಾರ್ಬೋನೇಟ್" ಎಂದು ಭಾವ ಹಿಗ್ಗಿದರು. ಅಳಿಯನನ್ನು ಗದರುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಅಮ್ಮ ನನ್ನತ್ತ ತಿರುಗಿ, "ಮೀನು ಸಾಕೋರಿಗೆ ದೇವರು ದಿಂಡರು ಬೇಡ್ವಾ?" ಎಂದು ಕೇಳಿದರು.

ಚಿಕ್ಕಂದಿನಲ್ಲಿ ತೀರ್ಥಹಳ್ಳಿಯ ಬಳಿಯ ಚಿಬ್ಬಲಗುಡ್ಡೆಗೆ ಹೋದಾಗ, ಯಾರೂ ಹಿಡಿಯದ ಆ ತುಂಗೆಯ ಮೀನುಗಳು ಎಸೆದ ಅಕ್ಕಿಗಾಗಿ ಕಾಲಬುಡಕ್ಕೇ ಬರುತ್ತಿದ್ದವು. ಅವುಗಳ ಕೆಳಗೆ ಇದ್ದದ್ದು ಮರಳೋ, ಬಂಡೆಯೋ, ನಾನು ಬಗ್ಗಿ ನೋಡಿದವನಲ್ಲ. ಮೀನನ್ನು ನೋಡುವುದರಲ್ಲೇ ಹೊತ್ತು ಹೋಗುತ್ತಿತ್ತು.

ಈಗ ನಮ್ಮ ತೋಟದ ಹಳ್ಳದಿಂದ, ಮೀನಿನ ಬಾಯಿಗೆ ಹಿಡಿಸದಷ್ಟು ದಪ್ಪನೆಯ ಕರಿಯ ನುಣುಪು ಕಲ್ಲುಗಳನ್ನು ತಂದು, ತೊಳೆದ ನೀರು ತಿಳಿಯಾಗುವವರೆಗೆ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಂದುಗಳಲ್ಲಿ ಆಹಾರ ಕೊಳೆಯದಂತೆ ಒಂದೇ ಪದರ ಸಾಕಂತೆ. ಇದು ಭಾವನ ಅಪ್ಪಣೆ. ಅವರು ಹೊರಟಾಗ ಅಮ್ಮ ಮಿಡಿ ಉಪ್ಪಿನಕಾಯಿ, ಹಪ್ಪಳದ ಜೊತೆಗೆ ವಿನೆಗರ್ ಬಾಟಲಿಯನ್ನೂ ಅವರ ಚೀಲಕ್ಕೆ ಹಾಕಿ, "ನಮ್ಮಲ್ಲಿ ಇದರ ಬಳಕೆ ಕಡಿಮೆ" ಎಂದರು.